ಬೆಸ ತಾರೀಖು ಅಕ್ಕನದು, ಸರಿ ತಾರೀಖು ತಂಗಿಯದು: ನಿಮ್ಮ ಮನೆಯಲ್ಲಿ ಏನು ನಿಯಮ?

ಇಬ್ಬರಮ್ಮ_ಮೈಸೂರು

ಎಲ್ಲರಿಗೂ ನಮಸ್ಕಾರ. ಇಬ್ಬರು ಹೆಣ್ಣುಮಕ್ಕಳಿರುವ ಮನೆಯವರು ಸ್ವಲ್ಪ ಈ ಕಡೆ ಬನ್ನಿ. ನಮ್ಮ ದೊಡ್ಡವಳು ಮೂರನೇ ಕ್ಲಾಸು, ಚಿಕ್ಕವಳು ಯುಕೆಜಿ. ಜಗಳ ಯಾವುದಕ್ಕೆ ಅಂತ ಹೇಳಲಿ? ಆಟೋದಲ್ಲಿ ಅಂಚಿಗೆ ಯಾರು ಕೂರಬೇಕು, ರಾತ್ರಿ ಗೋಡೆ ಪಕ್ಕ ಯಾರು ಮಲಗಬೇಕು, ಟಿವಿ ರಿಮೋಟ್ ಯಾರ ಕೈಯಲ್ಲಿರಬೇಕು. ಮೊದಲ ದೋಸೆ ಹೇಗೂ ಹರಿದುಹೋಗುತ್ತೆ, ಅದು ನನಗೆ. ಎರಡನೆಯದಕ್ಕೆ ಯುದ್ಧ. ಸ್ನಾನಕ್ಕೆ ಮಾತ್ರ ಉಲ್ಟಾ, ಮೊದಲು ಹೋಗುವುದು ಇಬ್ಬರಿಗೂ ಬೇಡ. ಲಿಫ್ಟಿನ ಗುಂಡಿ ಯಾರು ಒತ್ತಬೇಕು ಅಂತಲೂ ಕಿತ್ತಾಡುತ್ತಾರೆ, ನಮ್ಮ ಮನೆಯಲ್ಲಿ ಲಿಫ್ಟೇ ಇಲ್ಲ, ಅದು ಅವರ ಚಿಕ್ಕಮ್ಮನ ಅಪಾರ್ಟ್‌ಮೆಂಟಿನಲ್ಲಿದೆ, ಆದರೂ ಜಗಳ ನಮ್ಮ ಹಜಾರದಿಂದಲೇ ಶುರು.

ನಮ್ಮತ್ತೆ ಇವಕ್ಕೆಲ್ಲ ಒಂದೇ ತೀರ್ಪು ಕೊಡುತ್ತಿದ್ದರು. "ನೀನು ದೊಡ್ಡವಳಲ್ವಾ ಪುಟ್ಟಿ, ಬಿಟ್ಕೊಡು." ಒಂದು ದಿನ ದೊಡ್ಡವಳು ಸೊಂಟದ ಮೇಲೆ ಕೈ ಇಟ್ಟು ನಿಂತಳು. "ಅಜ್ಜಿ, ನಾನು ಯುಕೆಜಿ ಇದ್ದಾಗಲೂ ದೊಡ್ಡವಳು ಅಂದ್ರಿ. ಈಗ ಇವಳೂ ಯುಕೆಜಿ. ಇವಳು ಮಾತ್ರ ಯಾಕೆ ಇನ್ನೂ ಚಿಕ್ಕವಳು?" ಅತ್ತೆ ನನ್ನ ಮುಖ ನೋಡಿದರು, ನಾನು ಕುಕ್ಕರ್ ನೋಡಿದೆ.

ನಿಯಮ ತಂದದ್ದು ನಮ್ಮನೆಯವರು. ಅಡುಗೆಮನೆ ಗೋಡೆಯಲ್ಲಿ ಬೆಂಗಳೂರು ಪ್ರೆಸ್ ಕ್ಯಾಲೆಂಡರ್ ಇದೆ ಅಲ್ವಾ, ಅದರಲ್ಲಿ ಬೆಸ ಸಂಖ್ಯೆಯ ತಾರೀಖೆಲ್ಲ ದೊಡ್ಡವಳದು, ಸರಿ ಸಂಖ್ಯೆಯದೆಲ್ಲ ಚಿಕ್ಕವಳದು. ಆ ದಿನ ಯಾರದೋ ಅವರಿಗೆ ಎಲ್ಲದರಲ್ಲೂ ಮೊದಲ ಹಕ್ಕು. ಆದರೆ ಆ ದಿನದ ಕೆಲಸವೂ ಅವಳದೇ. ಊಟಕ್ಕೆ ತಟ್ಟೆ ಲೋಟ ಇಡಬೇಕು, ದೇವರಿಗೆ ಹೂವು ಕಿತ್ತು ತರಬೇಕು, ಬಾಗಿಲಲ್ಲಿ ಚಪ್ಪಲಿ ಜೋಡಿಸಬೇಕು, ಮೊದಲು ಸ್ನಾನಕ್ಕೂ ಹೋಗಬೇಕು. ಹಕ್ಕು ಮಾತ್ರ ಕೊಟ್ಟಿದ್ದರೆ ಇದು ಎರಡು ದಿನವೂ ನಡೆಯುತ್ತಿರಲಿಲ್ಲ ಅನ್ನೋದು ನನ್ನ ಅಭಿಪ್ರಾಯ.

ಜಗಳ ನಿಂತಿದೆ ಅಂತ ಹೇಳಲ್ಲ. ನ್ಯಾಯ ಕೇಳಿಕೊಂಡು ನನ್ನ ಹತ್ತಿರ ಬರುವುದು ಕಡಿಮೆಯಾಗಿದೆ, ಸೀದಾ ಕ್ಯಾಲೆಂಡರ್ ಹತ್ತಿರ ಓಡುತ್ತಾರೆ. ಚಿಕ್ಕವಳು ಸ್ಕೂಲಲ್ಲಿ ಹೇಳಿಕೊಡುವ ಮೊದಲೇ ಸರಿ ಬೆಸ ಕಲಿತಳು. ಕಲಿತ ಮೇಲೆ ಬಂತು ನೋಡಿ ತೊಂದರೆ. ತಿಂಗಳ ಕೊನೆಗೆ "31 ಅಕ್ಕಂದು, 1ನೇ ತಾರೀಖೂ ಅಕ್ಕಂದಾ? ಮೋಸ!" ಅಂತ ಕ್ಯಾಲೆಂಡರ್ ಹಾಳೆ ಹರಿಯೋಕೆ ಹೋದಳು. ಇದಕ್ಕೇನು ಮಾಡೋದು? ನಿಮ್ಮ ಮನೆಗಳಲ್ಲಿ ಇಬ್ಬರ ನಡುವೆ ಹೇಗೆ ತೂಗಿಸುತ್ತೀರಿ?

ಲೆಕ್ಕದ_ಮೇಷ್ಟ್ರು

ಮೇಡಂ, ನಿಮ್ಮ ಚಿಕ್ಕ ಮಗಳು ಹೇಳಿದ್ದು ಸರಿ. ವರ್ಷದಲ್ಲಿ 31 ದಿನದ ತಿಂಗಳು ಏಳು. ಪ್ರತಿಯೊಂದರಲ್ಲೂ ಬೆಸ ತಾರೀಖು 16, ಸರಿ ತಾರೀಖು 15. ಉಳಿದ ತಿಂಗಳುಗಳಲ್ಲಿ ಸಮ. ಒಟ್ಟು ಲೆಕ್ಕ ಹಾಕಿದರೆ ವರ್ಷಕ್ಕೆ ಅಕ್ಕನಿಗೆ 186 ದಿನ, ತಂಗಿಗೆ 179. ಏಳು ದಿನ ಅಕ್ಕನಿಗೆ ಲಾಭ. ಪರಿಹಾರ ಸುಲಭ, ಪ್ರತಿ ತಿಂಗಳೂ ಅದಲುಬದಲು ಮಾಡಿ. ಜನವರಿಯಲ್ಲಿ ಬೆಸ ಅಕ್ಕನಿಗೆ, ಫೆಬ್ರವರಿಯಲ್ಲಿ ಬೆಸ ತಂಗಿಗೆ, ಹೀಗೆ.

ಕುಡ್ಲದ_ಅಪ್ಪ

ಮೇಷ್ಟ್ರೇ, ನಿಮ್ಮ ಲೆಕ್ಕದಲ್ಲಿ ಫೆಬ್ರವರಿ 28 ಸರಿ ತಾರೀಖು, ಆ ತಿಂಗಳು ಸರಿ ತಾರೀಖು ಅಕ್ಕನದು. ಮಾರ್ಚ್ 1 ಬೆಸ, ಮತ್ತೆ ಅಕ್ಕನದೇ. ಪುನಃ ಎರಡು ದಿನ ಒಟ್ಟಿಗೆ ಬಂತಲ್ಲ ಮಾರಾಯ್ರೆ!

ಲೆಕ್ಕದ_ಮೇಷ್ಟ್ರು

ಹೌದು, 31ರ ತಿಂಗಳು ಮುಗಿದಾಗ ಮಾತ್ರ ಬದಲಿಸಬೇಕು, 30 ಮತ್ತು 28ರ ತಿಂಗಳಾದ ಮೇಲೆ ಬದಲಿಸಬಾರದು. ಐದು ವರ್ಷದ ಮಗುವಿಗೆ ಇದನ್ನು ಹೇಗೆ ಹೇಳುತ್ತೀರೋ ಗೊತ್ತಿಲ್ಲ.

ಧಾರವಾಡದವ್ವ

ಇಷ್ಟ್ಯಾಕ್ರೀ ತಲಿ ಕೆಡಿಸ್ಕೋತೀರಿ? 31 ಅವ್ವಂದು ಮಾಡ್ರಿ. ಅವತ್ತು ರಿಮೋಟು ನಿಮ್ದು, ಕಿಟಕಿ ಸೀಟು ನಿಮ್ದು, ಬಿಸಿ ಬಿಸಿ ದೋಸಿ ಮೊದಲು ನಿಮ್ಮ ತಾಟಿಗೆ. ವರ್ಷದಾಗ ಏಳು ದಿನ ನಮಗೂ ಬ್ಯಾಡೇನು?

ಲೆಕ್ಕದ_ಮೇಷ್ಟ್ರು

ಅದ್ಭುತ! ಅಕ್ಕನಿಗೆ 179, ತಂಗಿಗೆ 179, ಅಮ್ಮನಿಗೆ 7. ಸೇರಿಸಿದರೆ 365. ನಾನು ಪೆನ್ನು ಪೇಪರ್ ಹಿಡಿದು ಕೂತಿದ್ದೆ, ನೀವು ಒಂದೇ ಮಾತಿನಲ್ಲಿ ಮುಗಿಸಿದಿರಿ. 2028ರ ಫೆಬ್ರವರಿ 29 ಒಂದು ಉಳಿಯುತ್ತೆ, ಅದನ್ನು ಅಪ್ಪನಿಗೆ ಕೊಡಿ. ನಾಲ್ಕು ವರ್ಷಕ್ಕೊಮ್ಮೆ ಸಾಕು ನಮಗೆ.

ಚಿಕ್ಕವಳೇ_ನಾನು

ಇಲ್ಲಿ ಎಲ್ಲರೂ ಅಕ್ಕನಿಗೆ ಅನ್ಯಾಯ ಅಂತ ಮಾತಾಡುತ್ತಿದ್ದೀರಿ, ಅದಕ್ಕೇ ಬರೆಯುತ್ತಿದ್ದೇನೆ. ನಾನು ಮನೆಯ ಎರಡನೇ ಮಗಳು, ಈಗ ನನಗೇ ಮದುವೆಯಾಗಿದೆ. ಅಕ್ಕನ ಯೂನಿಫಾರ್ಮ್, ಅಕ್ಕನ ಸೈಕಲ್, ಅಕ್ಕನ ಜಾಮಿಟ್ರಿ ಬಾಕ್ಸು, ಅಕ್ಕನ ಹೆಸರು ಹೊಡೆದು ನನ್ನ ಹೆಸರು ಬರೆದ ಪುಸ್ತಕ. ಅಕ್ಕ ಉದ್ದ ಇದ್ದಳು, ನಾನು ಗಿಡ್ಡ, ಲಂಗ ಯಾವಾಗಲೂ ಎರಡು ಮಡಿಕೆ ಒಳಗೆ ಹೊಲಿದೇ ಇರುತ್ತಿತ್ತು. ಟೀಚರ್‌ಗಳು ಹಾಜರಿ ಕರೆಯುವಾಗ "ಓ, ನೀನು ಅವಳ ತಂಗಿಯಾ, ಅವಳು ಎಷ್ಟು ಚೆನ್ನಾಗಿ ಓದ್ತಿದ್ಲು" ಅಂತ ಶುರು ಮಾಡುತ್ತಿದ್ದರು. ಬಿಟ್ಟುಕೊಡು ಅಂತ ಅಕ್ಕನಿಗೆ ಹೇಳುತ್ತಿದ್ದರು, ನಿಜ. ಅವಳು ಬಿಟ್ಟುಕೊಡುತ್ತಿದ್ದುದು ಅವಳಿಗೆ ಸಾಕಾಗಿ ಹೋದ ವಸ್ತುಗಳನ್ನು ಅನ್ನೋದನ್ನೂ ಸ್ವಲ್ಪ ನೋಡಿ. ಹೊಸ ಪುಸ್ತಕದ ವಾಸನೆ ನಾನು ನೋಡಿದ್ದು ಸಿಲೆಬಸ್ ಬದಲಾದ ವರ್ಷ ಮಾತ್ರ!

ನನ್ನ ಸಲಹೆ ಇಷ್ಟೇ. ಬಟ್ಟೆ ಹಳೆಯದೇ ಹಾಕಿ, ತಪ್ಪೇನಿಲ್ಲ, ಮಕ್ಕಳು ಬೇಗ ಬೆಳೆಯುತ್ತಾರೆ, ದುಡ್ಡು ಮರದಲ್ಲಿ ಬಿಡುವುದಿಲ್ಲ. ವರ್ಷಕ್ಕೆ ಒಂದಾದರೂ ವಸ್ತು ಚಿಕ್ಕವಳಿಗೆ ಮೊದಲು ಬರಲಿ. ಆಮೇಲೆ ಬೇಕಾದರೆ ಅಕ್ಕ ಅದನ್ನು ಕೇಳಿ ತಗೊಳ್ಳಲಿ.

ಇಬ್ಬರಮ್ಮ_ಮೈಸೂರು

@ಚಿಕ್ಕವಳೇ_ನಾನು, ಲಂಗದ ಮಡಿಕೆ ಓದಿ ನಗು ಬಂತು, ನಮ್ಮ ಚಿಕ್ಕವಳ ಲಂಗದಲ್ಲೂ ಎರಡು ಇದೆ. ಈ ಸಲ ಬ್ಯಾಗು ಅವಳಿಗೆ ಹೊಸದು ಅಂತ ಈಗಲೇ ಬರೆದಿಟ್ಟೆ. 31 ಅಮ್ಮನದು ಅನ್ನೋದು ಮನೆಯಲ್ಲಿ ಪಾಸಾಯಿತು. ದೊಡ್ಡವಳು ಸ್ವಲ್ಪ ಮುಖ ಊದಿಸಿಕೊಂಡಳು, ಅವಳ ದಿನ ಅಲ್ವಾ ಹೋಗಿದ್ದು.

ಇನ್ನೊಂದು ಸಮಸ್ಯೆ ಇದೆ, ದೊಡ್ಡವಳು ಹುಟ್ಟಿದ್ದು ಸರಿ ತಾರೀಖು. ಅವಳ ಹುಟ್ಟುಹಬ್ಬವೇ ತಂಗಿಯ ದಿನ! ಹುಟ್ಟುಹಬ್ಬಕ್ಕೆ ನಿಯಮ ಲಾಗೂ ಇಲ್ಲ ಅಂತ ತಿದ್ದುಪಡಿ ತಂದಿದ್ದೇವೆ.

ಅಜ್ಜಿ_ಆನ್‌ಲೈನ್

ನಾನು ನಾಲ್ಕು ಮೊಮ್ಮಕ್ಕಳ ಅಜ್ಜಿ, ಸ್ವಲ್ಪ ಬೈದರೆ ಬೇಸರ ಮಾಡಿಕೊಳ್ಳಬೇಡಿ. ಮನೆ ಅಂದರೆ ಕೋರ್ಟಾ? ತಾರೀಖು ನೋಡಿ ಪ್ರೀತಿ ಮಾಡೋದಾ? ನಾವು ಐದು ಜನ ಹೆಣ್ಣುಮಕ್ಕಳು. ನಾನೇ ದೊಡ್ಡವಳು. ತಂಗಿಯರ ತಲೆ ಬಾಚಿದೆ, ಸ್ಕೂಲಿಗೆ ಕೈಹಿಡಿದು ಕರೆದುಕೊಂಡು ಹೋದೆ, ಅಮ್ಮ ಹೊಲಕ್ಕೆ ಹೋದ ದಿನ ಅನ್ನಕ್ಕೂ ನಾನೇ ಇಟ್ಟೆ. ಇವತ್ತಿಗೂ ಅವರೆಲ್ಲ ಏನೇ ಆದರೂ ಮೊದಲು ಫೋನ್ ಮಾಡುವುದು ನನಗೆ. ದೊಡ್ಡವಳು ಅಂದರೆ ಅದು ಒಂದು ಗೌರವ ಅಮ್ಮಾ. ನೀವು ಅದನ್ನು ಶಿಕ್ಷೆ ಥರ ಮಾಡಿ ಈಗ ತೆಗೆದುಹಾಕುತ್ತಿದ್ದೀರಿ.

ಇಬ್ಬರಮ್ಮ_ಮೈಸೂರು

ಅಮ್ಮ, ಬೇಸರ ಏನಿಲ್ಲ. ನೀವು ಹೇಳಿದ ಗೌರವ ನನಗೂ ಗೊತ್ತು. ಆದರೆ ನಿಮ್ಮ ಮನೆಯಲ್ಲಿ ದೊಡ್ಡವಳಿಗೆ ಕೆಲಸದ ಜೊತೆ ಅಧಿಕಾರವೂ ಇತ್ತು. ತಂಗಿಯರು ನಿಮ್ಮ ಮಾತು ಕೇಳುತ್ತಿದ್ದರು, ಅಲ್ವಾ? ನಮ್ಮ ಮನೆಯಲ್ಲಿ ದೊಡ್ಡವಳು ತಂಗಿಗೆ ಒಂದು ಮಾತು ಹೇಳಿದರೆ "ಅವಳಿಗೆ ಯಾಕೆ ಗದರ್ತೀಯ" ಅಂತ ನಾವೇ ಎಂಟು ಜನ ಮೇಲೆ ಬೀಳುತ್ತೇವೆ. ಬಿಟ್ಟುಕೊಡುವಾಗ ಮಾತ್ರ ದೊಡ್ಡವಳು, ಹೇಳುವಾಗ ಚಿಕ್ಕವಳು. ಎಂಟು ವರ್ಷದ ಮಗುವಿಗೆ ಅದು ಅರ್ಥ ಆಗುತ್ತೆ.

ಅಜ್ಜಿ_ಆನ್‌ಲೈನ್

ಹೂಂ. ಅದು ಸರಿ. ನಾನು ತಂಗಿಗೆ ಒಂದು ಏಟು ಬಿಟ್ಟರೆ ನಮ್ಮಮ್ಮ ಕಂಡೂ ಕಾಣದ ಹಾಗೆ ಇರುತ್ತಿದ್ದರು.

ಧಾರವಾಡದವ್ವ

ಹ್ಹಹ್ಹ, ಅಜ್ಜಿ ಗುಟ್ಟು ಬಿಟ್ಟುಕೊಟ್ಟರು!

ನಮ್ಮನ್ಯಾಗಿನ ಪದ್ಧತಿ ಹೇಳುತ್ತೇನೆ. ರಾತ್ರಿ ಊಟಕ್ಕೆ ತಾಟು ಬೇರೆ ಬೇರೆ ಇಟ್ಟರೆ ಜಗಳ, ಅವಳಿಗೆ ಜಾಸ್ತಿ ತುಪ್ಪ, ಇವಳಿಗೆ ಜಾಸ್ತಿ ಹಪ್ಪಳ. ನಮ್ಮ ಅತ್ತಿ ಒಂದೇ ದೊಡ್ಡ ಬುಟ್ಟಿಯಲ್ಲಿ, ಅಂದರೆ ಅಗಲ ಪಾತ್ರೆಯಲ್ಲಿ, ಅನ್ನ ಸಾರು ಕಲಸಿ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಕೈತುತ್ತು ಹಾಕುತ್ತಾರೆ. ಇವಳಿಗೊಂದು, ಅವಳಿಗೊಂದು, ನಡುನಡುವೆ ಕಥಿ. ಕಥಿ ನಿಂತರೆ ಬಾಯಿ ಮುಚ್ಚುತ್ತವೆ, ಕಥಿ ಶುರುವಾದರೆ ತೆರೆಯುತ್ತವೆ. ತಟ್ಟೆಯಲ್ಲಿ ಬಿಡುವ ಹುಡುಗ್ಯಾರು ಆ ಬುಟ್ಟಿ ಖಾಲಿ ಮಾಡುತ್ತಾರೆ. ಮೂರನೇ ಕ್ಲಾಸಿನವಳು ಕೈತುತ್ತು ತಿನ್ನಬಾರದು, ತಾನೇ ತಿನ್ನಲಿ ಅಂತ ನಮ್ಮನೆಯವರು ತಕರಾರು ಮಾಡುತ್ತಾರೆ. ಸ್ಕೂಲಲ್ಲಿ ಮಧ್ಯಾಹ್ನ ತಾನೇ ತಿನ್ನುತ್ತಾಳಲ್ಲ, ರಾತ್ರಿ ಒಂದು ಹೊತ್ತು ತಿಂದರೆ ಏನು ಗಂಟು ಹೋಗುತ್ತೆ ಅಂತ ನನ್ನ ವಾದ.

ಅನಾಮಿಕ_ಓದುಗ

ಎರಡೂ ಹೆಣ್ಣೇನಾ? ಇನ್ನೊಂದು ನೋಡಬಹುದಿತ್ತು ಅಲ್ವಾ, ಗಂಡು ಆಗಿದ್ದರೆ ಜಗಳವೂ ಕಡಿಮೆ.

ಧಾರವಾಡದವ್ವ

ಅಣ್ಣಾರ, ಮೂರನೇದಕ್ಕ ಕ್ಯಾಲೆಂಡರ್‌ದಾಗ ತಾರೀಖು ಉಳಿದಿಲ್ಲ. ಮುಂದ ನಡೀರಿ.

ಕುಡ್ಲದ_ಅಪ್ಪ

ನನ್ನ ಕಥೆ ಜಡೆಯದ್ದು. ಹೆಂಡತಿ ನರ್ಸ್, ಬೆಳಿಗ್ಗೆ ಪಾಳಿ ಇದ್ದರೆ ಆರೂವರೆಗೆ ಮನೆ ಬಿಡುತ್ತಾಳೆ. ಹಾಗಾಗಿ ಇಬ್ಬರ ತಲೆ ನನ್ನ ಪಾಲು. ಸ್ಕೂಲಿನ ನಿಯಮ ಎರಡು ಜಡೆ, ಮಡಚಿ ಕಟ್ಟಬೇಕು, ರಿಬ್ಬನ್ ಬಣ್ಣ ಸೋಮವಾರದಿಂದ ಶುಕ್ರವಾರ ಒಂದು, ಶನಿವಾರ ಬಿಳಿ. ಲೆಕ್ಕ ಹಾಕಿ, ಇಬ್ಬರಿಗೆ ನಾಲ್ಕು ಜಡೆ, ನಾಲ್ಕು ರಿಬ್ಬನ್, ಅದರಲ್ಲಿ ಒಂದು ಯಾವಾಗಲೂ ಸೋಫಾದ ಅಡಿಯಲ್ಲಿ. ಬೈತಲೆ ನೇರ ಬರಬೇಕು, ಇಲ್ಲದಿದ್ದರೆ ದೊಡ್ಡವಳು ಕನ್ನಡಿ ನೋಡಿ ಪುನಃ ಬಿಚ್ಚುತ್ತಾಳೆ. ಒದ್ದೆ ಕೂದಲಿಗೆ ಬಿಗಿಯಾಗಿ ಹೆಣೆಯಬಾರದು, ಒಣಗಿದ ಮೇಲೆ ನಾಲ್ಕು ತೊಟ್ಟು ತೆಂಗಿನೆಣ್ಣೆ ಕೈಗೆ ಹಾಕಿಕೊಂಡು ಬುಡದಿಂದ ಅಲ್ಲ ತುದಿಯಿಂದ ಸಿಕ್ಕು ಬಿಡಿಸುತ್ತಾ ಬರಬೇಕು. ಇದನ್ನು ನನಗೆ ಕಲಿಸಿದ್ದು ನಮ್ಮ ಪಕ್ಕದ ಮನೆಯ ಅಮ್ಮ, ಅವರ ಮಾತಿನಲ್ಲಿ ಹೇಳುವುದಾದರೆ "ಬುಡದಿಂದ ಎಳೆದರೆ ಮಗುವೂ ಕೂಗ್ತದೆ, ಕೂದಲೂ ಹೋಗ್ತದೆ."

ಹಬ್ಬದ ದಿನ ಮಲ್ಲಿಗೆ ಒಂದು ಚೆಂಡು ತಂದರೆ ಸ್ಕೇಲ್ ಹಿಡಿದು ಅಳೆದು ಕತ್ತರಿಸಬೇಕು. ನಾನು ಒಂದು ಉಪಾಯ ಮಾಡಿದ್ದೇನೆ, ಕತ್ತರಿಸುವುದು ಒಬ್ಬಳು, ಮೊದಲು ಆರಿಸಿಕೊಳ್ಳುವುದು ಇನ್ನೊಬ್ಬಳು. ಕತ್ತರಿ ಹಿಡಿದವಳು ಎಷ್ಟು ಜಾಗ್ರತೆಯಿಂದ ಅಳೆಯುತ್ತಾಳೆ ಅಂದರೆ ಒಂದು ಮೊಗ್ಗೂ ಆಚೀಚೆ ಆಗುವುದಿಲ್ಲ. ಕೇಕಿಗೂ ಚಾಕಲೇಟಿಗೂ ಇದೇ.

ತುಮಕೂರು_ತಾಯಿ

ಜಡೆ ಮಾತು ಬಂತಲ್ಲ, ಹೇನಿನ ಬಗ್ಗೆ ಯಾರಾದರೂ ಹೇಳಿ. ಒಬ್ಬಳ ತಲೆ ಸ್ವಚ್ಛ ಮಾಡುವಷ್ಟರಲ್ಲಿ ಇನ್ನೊಬ್ಬಳ ತಲೆಯಲ್ಲಿ ಸಂತೆ. ರಾತ್ರಿ ಒಂದೇ ದಿಂಬಿಗೆ ತಲೆ ಹಾಕಿ ಗುಸುಗುಸು ಮಾತಾಡುತ್ತಾ ಮಲಗುತ್ತಾರೆ. ಹಗಲೆಲ್ಲ ಹಾವು ಮುಂಗುಸಿ, ರಾತ್ರಿ ಮಾತ್ರ ಬಿಟ್ಟಿರಲ್ಲ.

ಕುಡ್ಲದ_ಅಪ್ಪ

ಹೆಂಡತಿಯನ್ನು ಕೇಳಿ ಬರೆಯುತ್ತಿದ್ದೇನೆ. ಹೇನು ಹಾರುವುದೂ ಇಲ್ಲ, ಜಿಗಿಯುವುದೂ ಇಲ್ಲ, ತಲೆಗೆ ತಲೆ ತಾಗಿದಾಗ ನಡೆದುಕೊಂಡೇ ಹೋಗುತ್ತದೆ. ಆದ್ದರಿಂದ ಇಬ್ಬರಿಗೂ ಒಂದೇ ದಿನ ಮಾಡಬೇಕು, ನಿಮ್ಮ ತಲೆಯನ್ನೂ ಯಾರಿಂದಾದರೂ ನೋಡಿಸಿಕೊಳ್ಳಿ. ಔಷಧಿ ಹಚ್ಚಿದರೆ ಓಡಾಡುವ ಹೇನು ಸಾಯುತ್ತದೆ, ಸೀರು ಎಲ್ಲ ಸಾಯುವುದಿಲ್ಲ. ಹೆಚ್ಚುಕಡಿಮೆ ಒಂದು ವಾರದಲ್ಲಿ ಅವು ಮರಿಯಾಗುತ್ತವೆ. ಅದಕ್ಕೇ 7ರಿಂದ 10 ದಿನ ಬಿಟ್ಟು ಎರಡನೇ ಸಲ ಹಚ್ಚಬೇಕು, ಹೆಚ್ಚಿನವರು ಇದನ್ನು ಬಿಡುವುದರಿಂದಲೇ ಪುನಃ ಬರುವುದು. ಯಾವ ಔಷಧಿ ಅಂತ ಡಾಕ್ಟರ್ ಹತ್ತಿರ ಕೇಳಿ, ಅಂಗಡಿಯವರು ಕೊಟ್ಟದ್ದು ಹಚ್ಚಬೇಡಿ, ಸೀಮೆಎಣ್ಣೆ ಅಂತೂ ಬೇಡವೇ ಬೇಡ. ಒದ್ದೆ ಕೂದಲಿಗೆ ಕಂಡೀಷನರ್ ಹಾಕಿ ಸೀರಣಿಗೆಯಲ್ಲಿ ಬುಡದಿಂದ ತುದಿಯವರೆಗೆ ಬಾಚಿ, ಪ್ರತಿ ಸಲ ಬಿಳಿ ಬಟ್ಟೆಗೆ ಒರೆಸಿ ನೋಡಿ.

ತುಮಕೂರು_ತಾಯಿ

ಧನ್ಯವಾದ. ಸೀರಣಿಗೆ ನಮ್ಮಜ್ಜಿಯ ಕಾಲದ್ದು ಮರದ್ದೊಂದು ಇದೆ, ಅದನ್ನೇ ತೆಗೆಯುತ್ತೇನೆ.

ನಿಯಮದ ವಿಷಯಕ್ಕೆ ಬಂದರೆ ನಮ್ಮಲ್ಲಿ ಸಂಕ್ರಾಂತಿಗೆ ದೊಡ್ಡ ರಾದ್ಧಾಂತ. ಐದು ವರ್ಷದೊಳಗಿನ ಮಕ್ಕಳನ್ನು ಕೂರಿಸಿ ಎಲಚಿಹಣ್ಣು, ಕಬ್ಬಿನ ಚೂರು, ಚಿಲ್ಲರೆ ಕಾಸು ಎಲ್ಲ ಸೇರಿಸಿ ತಲೆ ಮೇಲೆ ಎರೆದು ಆರತಿ ಮಾಡುತ್ತಾರಲ್ಲ. ದೊಡ್ಡವಳಿಗೆ ಆರು ದಾಟಿದೆ, ಚಿಕ್ಕವಳಿಗೆ ಮೂರು. ಶಾಸ್ತ್ರದ ಪ್ರಕಾರ ದೊಡ್ಡವಳಿಗೆ ಇಲ್ಲ. ಮಣೆ ಮೇಲೆ ತಂಗಿ ಒಬ್ಬಳೇ ರೇಷ್ಮೆ ಲಂಗ ಹಾಕಿಕೊಂಡು ಕೂತಿದ್ದು ನೋಡಿ ಇವಳು ಹೋಗಿ ಸ್ಟೋರ್ ರೂಮಿನಲ್ಲಿ ಕೂತಳು. ಆಗ ನಮ್ಮ ಮಾವ ಹೇಳಿದ್ದು: ಎರೆಯುವ ಸೇರು ಅವಳ ಕೈಗೆ ಕೊಡಿ ಅಂತ. ಎರೆದವಳು ಅವಳೇ. ಅರ್ಧ ಹಣ್ಣು ತಂಗಿಯ ತಲೆ ಮೇಲೆ, ಅರ್ಧ ನೆಲದ ಮೇಲೆ, ಸ್ವಲ್ಪ ಜೋರಾಗಿಯೇ ಎರೆದಳು ಅಂತ ನನಗೆ ಅನುಮಾನ. ಚಿಲ್ಲರೆ ಕಾಸು ಹೆಕ್ಕಿದ್ದೂ ಅವಳೇ ಜಾಸ್ತಿ. ಸಂಜೆ ಎಳ್ಳು ಬೀರುವುದಕ್ಕೆ ತಟ್ಟೆ ಮಾತ್ರ ಇಬ್ಬರಿಗೂ ಬೇರೆ ಬೇರೆ, ಸಕ್ಕರೆ ಅಚ್ಚು ಎಣಿಸಿ ಇಟ್ಟೆ.

ಅಜ್ಜಿ ಹೇಳಿದ ಗೌರವ ಅಂದರೆ ಇದೇ ಇರಬೇಕು. ದೊಡ್ಡವಳಿಗೆ ಸಿಗದೇ ಹೋದದ್ದರ ಬದಲು ದೊಡ್ಡವಳಿಗೆ ಮಾತ್ರ ಸಿಗುವುದು ಏನಾದರೂ ಇರಬೇಕು.

ಇಬ್ಬರಮ್ಮ_ಮೈಸೂರು

ಸೇರು ಅವಳ ಕೈಗೆ ಕೊಡೋದು ತುಂಬಾ ಇಷ್ಟ ಆಯ್ತು. ನಿಮ್ಮ ಮಾವನವರಿಗೆ ನನ್ನ ನಮಸ್ಕಾರ ಹೇಳಿ. ನಮ್ಮಲ್ಲಿ ದಸರಾ ಗೊಂಬೆ ಕೂರಿಸುವಾಗ ಹೀಗೇ ಮಾಡಬಹುದು, ಪಟ್ಟದ ಗೊಂಬೆಗೆ ಸೀರೆ ಉಡಿಸುವುದು ದೊಡ್ಡವಳು, ಕೆಳಗಿನ ಮೆಟ್ಟಿಲ ಚನ್ನಪಟ್ಟಣದ ಗೊಂಬೆಗಳ ಜಾತ್ರೆ ಪೂರ್ತಿ ಚಿಕ್ಕವಳದು. ಹೋದ ಸಲ ಅಲ್ಲಿ ರೈಲಿನ ಮೇಲೆ ಹುಲಿ ಕೂರಿಸಿ, ಸೆಟ್ಟಿ ಗೊಂಬೆಯನ್ನು ಟಿಕೆಟ್ ಕಲೆಕ್ಟರ್ ಮಾಡಿದ್ದಳು.

ಶಿವಮೊಗ್ಗ_ಟೀಚರ್

ತರಗತಿಯಲ್ಲಿ ಅಕ್ಕತಂಗಿಯರನ್ನು ಸಾಕಷ್ಟು ನೋಡುತ್ತೇನೆ, ಮನೆಯಲ್ಲಿಯೂ ನನಗಿಬ್ಬರು. ಮೇಲೆ ಒಬ್ಬರು ಟೀಚರ್‌ಗಳು ಹೋಲಿಸುತ್ತಾರೆ ಅಂದಿದ್ದಾರೆ. ನಿಜ, ನಮ್ಮ ಸ್ಟಾಫ್ ರೂಮಿನಲ್ಲೂ ಆ ಮಾತು ಬರುತ್ತದೆ. ಅದಕ್ಕೇ ನಾನು ತಂಗಿಯರು ಬಂದಾಗ ಅಕ್ಕನ ಹೆಸರು ಎತ್ತುವುದಿಲ್ಲ.

ಮಳೆಗಾಲದಲ್ಲಿ ನಮ್ಮ ಕಡೆ ರಜೆ ಮೇಲೆ ರಜೆ. ಇಬ್ಬರೂ ಮನೆಯಲ್ಲೇ, ಹೊರಗೆ ಕಾಲಿಡುವ ಹಾಗಿಲ್ಲ, ಯೂನಿಫಾರ್ಮ್ ಒಣಗುವುದಿಲ್ಲ, ಬಚ್ಚಲ ಒಲೆಯ ಮೇಲೆ ಹಗ್ಗ ಕಟ್ಟಿ ಸಾಕ್ಸು ಹಾಕಿರುತ್ತೇವೆ. ಆಗ ಯಾವ ನಿಯಮವೂ ನಡೆಯುವುದಿಲ್ಲ. ಚನ್ನೆಮಣೆ ತೆಗೆದು ಕೊಡುತ್ತೇನೆ. ಚಿಕ್ಕವಳಿಗೆ ಎಣಿಕೆ ಬರುತ್ತದೆ, ದೊಡ್ಡವಳಿಗೆ ಗೆಲ್ಲುವ ಹುಚ್ಚು ತೀರುತ್ತದೆ, ನನಗೆ ಅರ್ಧ ಗಂಟೆ ಸಿಗುತ್ತದೆ.

ಇನ್ನೊಂದು, ವಯಸ್ಸಿನ ನಿಯಮದಿಂದ ಅಕ್ಕತಂಗಿಯರ ನಡುವಿನ ಅಂತರ ಹೇಗೆ ಬದಲಾಗುತ್ತೆ ನೋಡಿ. ನನ್ನ ಚಿಕ್ಕವಳು ಹುಟ್ಟಿದ್ದು 2019ರ ಆಗಸ್ಟಿನಲ್ಲಿ. ಒಂದನೇ ತರಗತಿಗೆ ಜೂನ್ 1ಕ್ಕೆ 6 ವರ್ಷ ತುಂಬಿರಬೇಕು ಅನ್ನುವುದು 2025-26ರಿಂದ ಜಾರಿ ಅಂತ ಇತ್ತು. ಹಾಗಾದರೆ ಇವಳು ಇನ್ನೊಂದು ವರ್ಷ ಯುಕೆಜಿಯಲ್ಲೇ ಕೂರಬೇಕಿತ್ತು. ಆಮೇಲೆ ಆ ವರ್ಷಕ್ಕೆ ಯುಕೆಜಿ ಮುಗಿಸಿದ ಮಕ್ಕಳಿಗೆ 5 ವರ್ಷ 5 ತಿಂಗಳು ಸಾಕು ಅಂತ ಸಡಿಲಿಸಿದರು, ಇವಳು ತೂರಿಕೊಂಡಳು. ಈಗ ಅಕ್ಕನಿಗಿಂತ ಎರಡೇ ಕ್ಲಾಸು ಹಿಂದೆ, ಒಂದೇ ವ್ಯಾನು, ಒಂದೇ ಸಮಯ. ನಮಗೆ ಅನುಕೂಲ, ಅವಳಿಗೆ ಅನುಕೂಲವಾ ಅನ್ನೋದು ಬೇರೆ ಮಾತು. ಇಂಥ ಮಕ್ಕಳು ತರಗತಿಯಲ್ಲೂ ಚಿಕ್ಕವರ ಸಾಲಿನಲ್ಲಿ, ಮನೆಗೆ ಬಂದರೂ ಚಿಕ್ಕವರು. ಅವಳ ಪೆನ್ಸಿಲ್ ಹಿಡಿತ ಇನ್ನೂ ಗಟ್ಟಿಯಾಗಬೇಕು, ಅವಸರ ಮಾಡುತ್ತಿಲ್ಲ.

ಡಲ್ಲಾಸ್_ಕನ್ನಡತಿ

ನಾವು ಇಲ್ಲಿ ಅಮೆರಿಕದಲ್ಲಿ. ಅಜ್ಜಿಯ ಕೈತುತ್ತು ಓದಿ ಹೊಟ್ಟೆಕಿಚ್ಚಾಯಿತು, ನಮಗೆ ಅಜ್ಜಿ ಸಿಗುವುದು ವೀಸಾದ ಆರು ತಿಂಗಳು ಮಾತ್ರ.

ನಮ್ಮನೆ ಜಗಳ ಕಾರಿನಲ್ಲಿ. ಟೆಕ್ಸಸ್‌ನಲ್ಲಿ ಎಂಟು ವರ್ಷದೊಳಗಿನ ಮಕ್ಕಳು ಮಕ್ಕಳ ಸೀಟಿನಲ್ಲೇ ಕೂರಬೇಕು, 4 ಅಡಿ 9 ಇಂಚಿಗಿಂತ ಎತ್ತರ ಇದ್ದರೆ ಮಾತ್ರ ಬೇಡ. ದೊಡ್ಡವಳಿಗೆ ಎಂಟು ತುಂಬಿತು. ಅವತ್ತಿನಿಂದ ತನ್ನ ಬೂಸ್ಟರ್ ಸೀಟು ತೆಗೆದುಹಾಕಿ ಅಂತ ಹಠ. ಅವಳು ಇನ್ನೂ ಕುಳ್ಳಿ, ಬೆಲ್ಟು ಕುತ್ತಿಗೆಗೆ ಬರುತ್ತೆ, ನಾನು ಬಿಟ್ಟಿಲ್ಲ. "ಕಾನೂನೇ ಬೇಡ ಅಂದಿದೆ, ನೀನ್ಯಾರು ಅಮ್ಮ" ಅಂತ ವಾದ ಮಾಡುತ್ತಾಳೆ. ಕಾನೂನು ಪುಸ್ತಕ ಓದಿದ ಮೂರನೇ ಕ್ಲಾಸಿನವರು ಬಹಳ ಅಪಾಯ.

ನಾನು ನಿಜವಾಗಿ ಕೇಳಬೇಕಿದ್ದು ಭಾಷೆಯ ವಿಷಯ. ದೊಡ್ಡವಳು ಸ್ಕೂಲಿಗೆ ಹೋಗುವವರೆಗೂ ಮನೆಯಲ್ಲಿ ಕನ್ನಡ ಮಾತ್ರ ಕೇಳಿದ್ದಳು, ಚೆನ್ನಾಗಿ ಮಾತಾಡುತ್ತಾಳೆ. ಚಿಕ್ಕವಳು ಹುಟ್ಟುವಷ್ಟರಲ್ಲಿ ಅಕ್ಕ ಸ್ಕೂಲಿನಿಂದ ಇಂಗ್ಲಿಷ್ ಹೊತ್ತು ತಂದಿದ್ದಳು. ತಂಗಿಯ ಜೊತೆ ಆಡುವುದೆಲ್ಲ ಇಂಗ್ಲಿಷಿನಲ್ಲಿ. ನಾನು ಕನ್ನಡದಲ್ಲಿ ಕೇಳುತ್ತೇನೆ, ಚಿಕ್ಕವಳು ಇಂಗ್ಲಿಷಿನಲ್ಲಿ ಉತ್ತರಿಸುತ್ತಾಳೆ. ಎಲ್ಲ ಅರ್ಥವಾಗುತ್ತೆ, ನಾಲಿಗೆ ಹೊರಳಲ್ಲ. ಇಲ್ಲಿ ಕನ್ನಡದ ಗೆಳತಿಯರ ಮನೆಗಳಲ್ಲೂ ಇದೇ ಕಥೆ, ಎರಡನೇ ಮಗುವಿನಲ್ಲಿ ಕನ್ನಡ ತೆಳುವಾಗುತ್ತೆ. ಅಮ್ಮ ಅಪ್ಪನಿಗಿಂತ ಅಕ್ಕನ ಮಾತು ಜಾಸ್ತಿ ಕಿವಿಗೆ ಬೀಳುತ್ತಲ್ಲ.

ನಿಮ್ಮ ಬೆಸ ತಾರೀಖಿನ ಉಪಾಯ ನೋಡಿ ಈಗ ಒಂದು ಪ್ರಯೋಗ. ಅಕ್ಕನ ದಿನ ಅಕ್ಕ "ಕನ್ನಡ ಟೀಚರ್". ಅವತ್ತು ತಂಗಿ ಏನೇ ಕೇಳಬೇಕಾದರೂ ಕನ್ನಡದಲ್ಲೇ ಅಕ್ಕನನ್ನು ಕೇಳಬೇಕು. ಅಕ್ಕನಿಗೆ ಬೀಗುವ ಅವಕಾಶ, ಬಿಡುತ್ತಾಳಾ! ನಿನ್ನೆ ಚಿಕ್ಕವಳು "ಅಕ್ಕಾ, ನನಗೆ ನೀರು ಬೇಕು, ನೀಲಿ ಲೋಟದಲ್ಲಿ" ಅಂದಳು. ನಾನು ಹೇಳಿ ಹೇಳಿ ಸಾಕಾಗಿದ್ದು ಇವಳು ಒಂದು ಲೋಟದಲ್ಲಿ ಮಾಡಿಸಿದಳು.

ಅಜ್ಜಿ_ಆನ್‌ಲೈನ್

ನೋಡಿದಿರಾ, ದೊಡ್ಡವಳಿಗೆ ಅಧಿಕಾರ ಕೊಟ್ಟರೆ ಹೇಗೆ ನಡೆಸುತ್ತಾಳೆ! ನಾನು ಹೇಳಿದ್ದೂ ಅದೇ.

ಚಿಕ್ಕವಳೇ_ನಾನು

ಅಜ್ಜಿ, ಆ ಚಿಕ್ಕವಳಿಗೂ ಒಂದು ವಿಷಯದಲ್ಲಿ ಟೀಚರ್ ಆಗುವ ದಿನ ಕೊಡಿಸಿ. ಚಿತ್ರ ಬರೆಯೋದೋ, ಸೈಕಲ್ಲೋ, ಏನಾದರೂ. ನಮ್ಮಕ್ಕನಿಗೆ ಈಜು ಕಲಿಸಿದ್ದು ನಾನು. ಇವತ್ತಿಗೂ ಮನೆಯಲ್ಲಿ ಅದನ್ನು ಹೇಳಿಕೊಂಡು ತಿರುಗುತ್ತೇನೆ.

ಅಂಚೆ_ಅಣ್ಣ

ಎಲ್ಲ ಸಮಪಾಲು ಮಾತಾಡುತ್ತಿದ್ದೀರಿ, ದುಡ್ಡಿನ ವಿಷಯ ಯಾರೂ ತೆಗೆಯಲಿಲ್ಲ. ಅಂಚೆ ಕಚೇರಿಯ ಕೌಂಟರ್‌ನಲ್ಲಿ ಕೂತು ನೋಡಿದ್ದು ಹೇಳುತ್ತೇನೆ. ಮೊದಲ ಮಗಳು ಹುಟ್ಟಿದಾಗ ಬಾಣಂತನ ಮುಗಿಯುವ ಮೊದಲೇ ಓಡಿಬಂದು ಸುಕನ್ಯಾ ಸಮೃದ್ಧಿ ಖಾತೆ ತೆರೆಯುತ್ತಾರೆ. ಎರಡನೆಯವಳಿಗೆ "ಆಮೇಲೆ ಮಾಡೋಣ ಸಾರ್". ಆಮೇಲೆ ಅನ್ನುತ್ತಾ ಅವಳಿಗೆ ಒಂಬತ್ತಾಗಿರುತ್ತೆ.

2015ರ ಜನವರಿಯಲ್ಲಿ ಶುರುವಾದ ಯೋಜನೆ. ಹತ್ತು ವರ್ಷದೊಳಗಿನ ಹೆಣ್ಣುಮಗುವಿಗೆ ಮಾತ್ರ, ಒಂದು ಮನೆಯಲ್ಲಿ ಇಬ್ಬರು ಹೆಣ್ಣುಮಕ್ಕಳಿಗೆ ತೆರೆಯಬಹುದು, ಅವಳಿ ಜವಳಿ ಆದರೆ ವಿನಾಯಿತಿ ಇದೆ. ವರ್ಷಕ್ಕೆ ಕನಿಷ್ಠ 250 ರೂಪಾಯಿ, ಗರಿಷ್ಠ ಒಂದೂವರೆ ಲಕ್ಷ. 15 ವರ್ಷ ಕಟ್ಟಬೇಕು. ಇಲ್ಲಿ ಒಂದು ವಿಷಯ ಬಹಳ ಜನ ಗಮನಿಸುವುದಿಲ್ಲ. ಖಾತೆ ಮುಗಿಯುವುದು ಮಗಳಿಗೆ 21 ಆದಾಗ ಅಲ್ಲ, ಖಾತೆ ತೆರೆದು 21 ವರ್ಷ ಆದಾಗ. ದೊಡ್ಡವಳಿಗೆ ಒಂದು ವರ್ಷಕ್ಕೆ ತೆರೆದರೆ 22ಕ್ಕೆ ಕೈಗೆ ಬರುತ್ತೆ. ಚಿಕ್ಕವಳಿಗೆ ಒಂಬತ್ತಕ್ಕೆ ತೆರೆದರೆ 30ಕ್ಕೆ. ಓದಿಗೆ ಅಂತ 18 ಆದ ಮೇಲೆ ಅಥವಾ ಹತ್ತನೇ ಕ್ಲಾಸ್ ಪಾಸಾದ ಮೇಲೆ ಅರ್ಧದವರೆಗೆ ತೆಗೆಯಬಹುದು. ಆದರೆ ತಡವಾಗಿ ಶುರು ಮಾಡಿದವಳ ಖಾತೆಯಲ್ಲಿ ಆಗ ತೆಗೆಯಲು ಏನಿರುತ್ತೆ? ಬಡ್ಡಿ 2024ರ ಜನವರಿಯಲ್ಲಿ 8.2% ಮಾಡಿದರು, ಮೂರು ತಿಂಗಳಿಗೊಮ್ಮೆ ಸರ್ಕಾರ ದರ ಪ್ರಕಟಿಸುತ್ತೆ. ಇಬ್ಬರಿಗೂ ದೊಡ್ಡ ಮೊತ್ತ ಕಟ್ಟಲು ಆಗದಿದ್ದರೆ ಇರುವುದನ್ನೇ ಎರಡು ಭಾಗ ಮಾಡಿ ಎರಡೂ ಖಾತೆಗೆ ಹಾಕಿ. ಬಿಟ್ಟುಹೋದ ವರ್ಷಕ್ಕೆ 50 ರೂಪಾಯಿ ದಂಡ ಕಟ್ಟಿ ಸರಿಮಾಡಿಸಿಕೊಳ್ಳಬಹುದು, ಹೆದರಬೇಡಿ.

ಇಬ್ಬರಮ್ಮ_ಮೈಸೂರು

ಇದು ಒಳ್ಳೆಯ ಮಾತು ಅಣ್ಣ. ನಮ್ಮದು ಇಬ್ಬರದೂ ಇದೆ, ಪಾಸ್‌ಬುಕ್ ಒಂದೇ ಪ್ಲಾಸ್ಟಿಕ್ ಕವರಿನಲ್ಲಿ. ದೊಡ್ಡವಳು ತೆಗೆದು ನೋಡಿ ತನ್ನದರಲ್ಲಿ ಜಾಸ್ತಿ ಇದೆ ಅಂತ ತಂಗಿಗೆ ಹೇಳಿ ಅಳಿಸಿದ್ದಾಳೆ. ಮೂರು ವರ್ಷ ಮೊದಲು ಹುಟ್ಟಿದ್ದಕ್ಕೆ ಅಷ್ಟು ಅಂತ ಸಮಾಧಾನ ಹೇಳಬೇಕಾಯಿತು.

ಕುಡ್ಲದ_ಅಪ್ಪ

ಅಂಚೆ ಅಣ್ಣ, ನಮ್ಮ ಚಿಕ್ಕವಳದ್ದು ಆಗಬೇಕಷ್ಟೆ, ನಾಲ್ಕು ವರ್ಷ ಅವಳಿಗೆ. ಏನೇನು ಕಾಗದ ಹಿಡಿದುಕೊಂಡು ಬರಬೇಕು? ರಜೆ ಸಿಗುವುದು ಒಂದು ದಿನ, ಎರಡೆರಡು ಸಲ ತಿರುಗಲಿಕ್ಕೆ ಆಗುವುದಿಲ್ಲ.

ಅಂಚೆ_ಅಣ್ಣ

ಮಗುವಿನ ಜನನ ಪ್ರಮಾಣಪತ್ರ, ನಿಮ್ಮ ಆಧಾರ್, ಪ್ಯಾನ್, ಫೋಟೋ. ಫಾರಂ ಅಲ್ಲೇ ಕೊಡುತ್ತಾರೆ. ಹೊರಡುವ ಮೊದಲು ಜನನ ಪ್ರಮಾಣಪತ್ರ ತೆಗೆದು ನೋಡಿ, ಮಗುವಿನ ಹೆಸರು ಅದರಲ್ಲಿ ಇದೆಯಾ ಅಂತ. ಎರಡನೇ ಮಕ್ಕಳದ್ದು ಎಷ್ಟೋ ಸಲ ಹೆಸರಿನ ಜಾಗ ಖಾಲಿ ಇರುತ್ತೆ.

ಕುಡ್ಲದ_ಅಪ್ಪ

ಈಗ ತೆಗೆದು ನೋಡಿದೆ ಮಾರಾಯ್ರೆ. ಖಾಲಿ ಉಂಟು. ದೊಡ್ಡವಳದ್ದರಲ್ಲಿ ಹೆಸರು ಇದೆ!

ಅಂಚೆ_ಅಣ್ಣ

ಹೇಳಿದೆನಲ್ಲ. ಮೊದಲು ಜನನ ನೋಂದಣಿ ಮಾಡಿಸಿದ ಕಚೇರಿಗೆ ಹೋಗಿ ಹೆಸರು ಸೇರಿಸಿ. ನೋಂದಣಿಯಾಗಿ 12 ತಿಂಗಳೊಳಗಾದರೆ ಶುಲ್ಕ ಇಲ್ಲ, ನಿಮ್ಮದು ದಾಟಿದೆ, ಸ್ವಲ್ಪ ಶುಲ್ಕ ಆಗುತ್ತೆ, 15 ವರ್ಷದವರೆಗೂ ಸೇರಿಸಬಹುದು. ಆಸ್ಪತ್ರೆಯ ಡಿಸ್ಚಾರ್ಜ್ ಕಾಗದ ಇದ್ದರೆ ಅದನ್ನೂ ಹಿಡಿದುಕೊಂಡು ಹೋಗಿ. ಹೆಸರಿನ ಕಾಗುಣಿತ ಆಧಾರ್‌ನಲ್ಲಿ ಇರುವ ಹಾಗೇ ಬರೆಸಿ, ಇಲ್ಲದಿದ್ದರೆ ಆಮೇಲೆ ಸ್ಕೂಲಿನಲ್ಲಿ ಮತ್ತೆ ಓಡಾಟ.